ನೋಡಿದವರು ಬೇಡವೆಂದ ಮುಖ

ಆ ಚೀಟಿಗಳನ್ನು ನಾನಿನ್ನೂ ಎಸೆದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. ಅಕ್ಕರೆಯಿಂದ ಇಟ್ಟುಕೊಂಡದ್ದಲ್ಲ, ಸಿಟ್ಟು ಆರಬಾರದು ಅಂತ ಇಟ್ಟುಕೊಂಡದ್ದು. ಈಗಲೂ ತೆಗೆದು ಓದಿದರೆ ಮೈಯೆಲ್ಲ ಉರಿಯುತ್ತದೆ. ಮೊದಲು ಬರೆದವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೆ.

ಅಫಜಲಪುರದ ಕಾಲೇಜಿನಲ್ಲಿ ನನ್ನ ಪದವಿಯ ಕೊನೆಯ ವರ್ಷ ಅದು. ಪತ್ರಿಕೋದ್ಯಮ ತೆಗೆದುಕೊಂಡವರೆಲ್ಲ ಒಂದು ಹಾಡಿನ ವಿಡಿಯೋ ಮಾಡಿಕೊಂಡು ಬರಬೇಕು, ಇಬ್ಬಿಬ್ಬರದು ಒಂದು ಗುಂಪು ಎಂದು ಸರ್ ಹೇಳಿದರು. ನನ್ನ ಜೊತೆಗೆ ಬಂದವಳು ಆಳಂದದಿಂದ ಬಂದು ಹಾಸ್ಟೆಲಿನಲ್ಲಿದ್ದ ಗೆಳತಿ. ಅವಳ ಹತ್ತಿರ ಲ್ಯಾಪ್‌ಟಾಪ್ ಇತ್ತು, ನನ್ನ ಹತ್ತಿರ ಫೋನಿತ್ತು. ಉಳಿದವರೆಲ್ಲ ಸಿನಿಮಾ ಹಾಡಿಗೆ ಕುಣಿಯಲು ಹೊರಟಾಗ ನಾನು ಜಂಬದಿಂದ ಹೇಳಿದೆ, ನಮ್ಮದು ಚರಗದ ಹಾಡು ಅಂತ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ಕಡುಬು, ಭಜ್ಜಿಪಲ್ಯ, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೋಗುತ್ತವೆ. ನಾವು ಉಣ್ಣುವ ಮೊದಲು ಹೊಲಕ್ಕೆ ಉಣ್ಣಿಸಬೇಕು. ಎಡೆಯನ್ನೆಲ್ಲ ಕಲಸಿ, ನಿಂತ ಬೆಳೆಯ ಸುತ್ತ ಚೆಲ್ಲುತ್ತ ಹೋಗುವುದೇ ಚರಗ. ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿರುವ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಚೆಲ್ಲುತ್ತ ಹಾಡುತ್ತಾಳೆ. ಅವಳ ಅತ್ತೆ ಕಲಿಸಿಹೋದ ಹಾಡು ಅದು. ಹೊಲದ ಒಂದೊಂದು ಮೂಲೆಗೆ ಒಂದೊಂದು ನುಡಿ. ಆ ದಿನ ಬಿಟ್ಟರೆ ವರ್ಷದ ಇನ್ಯಾವ ದಿನವೂ ಅವಳು ಅದನ್ನು ಹಾಡುವುದಿಲ್ಲ, ಒಲೆಯ ಮುಂದೆ ಕೂತು ಗುನುಗುವುದೂ ಇಲ್ಲ.

ಆ ವರ್ಷದ ಅಮಾವಾಸ್ಯೆಗೆ ನಾವಿಬ್ಬರೂ ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಕೊಳಕೂರಿಗೆ ಹೋದೆವು. ವಿಡಿಯೋ ತೆಗೆಯುತ್ತೇವೆ ಅಂದಾಗ ದೊಡ್ಡವ್ವ ಒಲ್ಲೆ ಎನ್ನಲಿಲ್ಲ. ಪೆಟ್ಟಿಗೆಯೊಳಗಿನ ಹಸಿರು ಸೀರೆ ತೆಗೆದು ಉಟ್ಟಳು. ಅವಳಿಗೆ ನಾಚಿಕೆಯಾದೀತು ಎಂದು ನಾನು ಹಿಂದಿನಿಂದ ತೆಗೆಯಲು ಹೊರಟರೆ ಬೈದಳು.

“ಎದುರಿಗಿ ಬಂದ್ ತೆಗಿ ಬೇ. ಬೆನ್ನ ತೆಗದ್ರ ನಾನಂತ ಯಾರಿಗಿ ಗೊತ್ತಾಗ್ತದ? ನಮ್ಮತ್ತಿ ಹಾಡ ಅದು. ಹಾಡಿದಾಕಿ ಯಾರಂತ ಮಂದಿಗಿ ಕಾಣಬೇಕಿಲ್ಲೇನು?”

ಜೋಳದ ಸಾಲಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ತೆಗೆಯುವಾಗ ಎರಡು ಸಲ ಬಿದ್ದೆ. ಅವಳು ಹಾಡು ನಿಲ್ಲಿಸಲಿಲ್ಲ. ಬಲಗೈಯಿಂದ ಚೆಲ್ಲುತ್ತ ಬಂದಳು, ಅವಳ ಹಿಂದೆ ದೊಡ್ಡಪ್ಪ ತಂಬಿಗೆಯಿಂದ ನೀರು ಹನಿಸುತ್ತ ಬಂದ. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಫೋನಿನ ನೆನಪೇ ಇರಲಿಲ್ಲ. ಮೂರನೆಯ ಮೂಲೆಯಲ್ಲಿ ಅತ್ತೆಯನ್ನು ನೆನೆಯುವ ನುಡಿ ಬಂದಾಗ ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ನೋಡಿದವರಿಗೆ ಗೊತ್ತಾಗುತ್ತಿತ್ತು. ಹಾಗಂತ ಆಗ ನಂಬಿದ್ದೆ.

ಒಂಬತ್ತು ನಿಮಿಷದ ವಿಡಿಯೋ ಆಯಿತು. ಸರ್ ಎಲ್ಲ ವಿಭಾಗದವರನ್ನೂ ಸಭಾಂಗಣದಲ್ಲಿ ಕೂರಿಸಿ ತೋರಿಸಿದರು. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಅನಿಸಿದ್ದು ಬರೆಯಿರಿ, ಹೆಸರು ಹಾಕಬೇಡಿ ಅಂದರು. ನಮಗೆ ಮೊದಲೇ ತಾಕೀತು ಮಾಡಿದ್ದರು: “ನಿಮಗ ಹೆಂಗನಿಸ್ತು ಅನ್ನೋದು ನನಗ ಬ್ಯಾಡ. ನೋಡಿದೋರಿಗಿ ಹೆಂಗನಿಸ್ತು, ಅದಕ್ಕ ನೀವು ಏನ್ ಬದಲ್ ಮಾಡಿದ್ರಿ, ಅದಕ್ಕ ಮಾರ್ಕ್ಸು.”

ಸಂಜೆ ಕೂತು ಚೀಟಿ ಬಿಚ್ಚಿದೆವು. ‘ಭಾಳ ಉದ್ದ ಆತು.’ ‘ನಿದ್ದಿ ಬಂತು.’ ‘ಬೀಟ್ ಇಲ್ಲ, ಡಿಜೆ ಹಾಕ್ರಿ.’ ‘ಎಲ್ಲಾರೂ ಒಂದೇ ದಿಕ್ಕಿಗೆ ನಡೀತಾರ, ಬೋರ್.’ ಇವನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಹೆಚ್ಚುಕಡಿಮೆ ಅರ್ಧ ಚೀಟಿಗಳು ದೊಡ್ಡವ್ವನ ಮುಖದ ಮೇಲೆ ಎರಗಿದ್ದವು. ‘ಮುದುಕಿ ಮಾರಿ ಎಷ್ಟು ಸಲ ತೋರಸ್ತೀರಿ?’ ‘ಹೀರೋಯಿನ್ ಸಿಗಲಿಲ್ಲೇನು?’ ಒಂದರಲ್ಲಂತೂ ಮುಂದಿನ ಎರಡು ಹಲ್ಲಿಲ್ಲದ ಬಾಯಿಯ ಚಿತ್ರ ಬಿಡಿಸಿದ್ದರು. ಬರೆದವರೇನು ಆಕಾಶದಿಂದ ಉದುರಿದವರೇ? ಅಂಥದೇ ಹೊಲಗಳ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು. ಅವರ ಮನೆಯಲ್ಲೂ ಅಂಥದೇ ಮುಖದವಳೊಬ್ಬಳು ಬೆಳಿಗ್ಗೆ ರೊಟ್ಟಿ ಬಡಿದು ಕೊಟ್ಟಿರುತ್ತಾಳೆ. ಆ ರೊಟ್ಟಿ ತಿಂದ ಕೈಯಿಂದ ಇದನ್ನು ಬರೆಯಲು ನಾಚಿಕೆಯಾಗಲಿಲ್ಲವೇ ಅಂತ ಎಲ್ಲರ ಮುಂದೆ ನಿಂತು ಕೂಗಬೇಕು ಅನಿಸಿತು.

ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಪಟ್ಟಿ ಮಾಡಿದೆ. ಏನೇನು ತೆಗೆಯಬೇಕು, ಏನೇನು ಸೇರಿಸಬೇಕು. ಮಾರ್ಕ್ಸಿನ ಆಸೆ ಒಂದು, ನಮ್ಮ ವಿಡಿಯೋಕ್ಕೂ ಸಿಳ್ಳೆ ಬೀಳಲಿ ಅನ್ನುವ ಆಸೆ ಇನ್ನೊಂದು. ಅದನ್ನು ಈಗ ಮುಚ್ಚಿಟ್ಟು ಏನು ಮಾಡಲಿ?

ಒಂಬತ್ತು ನಿಮಿಷ ಮೂರಕ್ಕೆ ಇಳಿಯಿತು. ಅತ್ತೆಯ ನುಡಿ ಹೋಯಿತು. ಹಾಡಲು ಬರುತ್ತಿದ್ದ ಸಹಪಾಠಿಯೊಬ್ಬಳಿಂದ ಹಾಡಿಸಿ ಬೀಟ್ ಕೂರಿಸಿದೆವು. ಅವಳನ್ನೇ ಕೂದಲು ಬಿಚ್ಚಿಸಿ ಊರಾಚೆಯ ಹೊಲದಲ್ಲಿ ನಿಲ್ಲಿಸಿದೆವು. ಅದನ್ನು ತೆಗೆಯಲು ಫೋನಿನಲ್ಲಿ ಜಾಗವಿರಲಿಲ್ಲ. ಕೊಳಕೂರಿನಲ್ಲಿ ತೆಗೆದದ್ದನ್ನೆಲ್ಲ ಅಳಿಸಿ ಜಾಗ ಮಾಡಿದವಳು ನಾನೇ. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ವಿಡಿಯೋದ ಮೇಲೆಯೇ ಹೊಸದನ್ನು ಅದೇ ಹೆಸರಿನಿಂದ ಸೇವ್ ಮಾಡಿದೆವು. ದೊಡ್ಡವ್ವನದು ಅಂತ ಉಳಿದದ್ದು ಚೆಲ್ಲುವ ಕೈ ಒಂದೇ, ಮುಂಗೈ ಮೇಲೆ ಹಚ್ಚೆ ಇರುವ ಕೈ. ಒಂದೇ ದಿಕ್ಕು ಬೋರ್ ಅಂದವರ ಸಲುವಾಗಿ ಗೆಳತಿ ಆ ಕೈಯ ದೃಶ್ಯಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುವಿ ಹಾಕಿದಳು. ನನ್ನ ಕಣ್ಣಿಗೂ ಅದು ಚಂದವೇ ಕಂಡಿತು.

ಎರಡನೆಯ ಸಲ ತೋರಿಸಿದಾಗ ಸಿಳ್ಳೆ ಬಿದ್ದವು. “ಈಗ ನೋಡ್ರಿ, ಈಗ ವಿಡಿಯೋ ಆತು,” ಎಂದರು ಸರ್.

ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮುಂದಿನ ಭಾನುವಾರ ನಾನೊಬ್ಬಳೇ ಕೊಳಕೂರಿಗೆ ಹೋದೆ. ದೊಡ್ಡವ್ವ ಓಣಿಯ ಹೆಂಗಸರನ್ನೆಲ್ಲ ಕರೆದು ಟಿವಿಯ ಮುಂದೆ ಚಾಪೆ ಹಾಸಿ ಕೂರಿಸಿದ್ದಳು. ಎಲ್ಲರಿಗೂ ಚಹಾ ಆಗಿತ್ತು. ವಿಡಿಯೋ ಶುರುವಾಯಿತು.

“ಈ ಕೂದಲ ಬಿಟ್ಟಾಕಿ ಯಾರ್ ಬೇ?” ಪಕ್ಕದ ಮನೆಯವಳು ಕೇಳಿದಳು. “ಜೋಳದಾಗ ಹಿಂಗ ಹೋದ್ರ ಕೂದಲಾಗ ಒಣ ಎಲಿ, ರವದಿ ಸಿಗಬೀಳಂಗಿಲ್ಲೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೈ ಬಂತು.

“ಏ, ಅದು ನಿನ್ನ ಕೈ ಅಲ್ಲೇನು?” ಎಂದು ಅವಳು ದೊಡ್ಡವ್ವನ ಕಡೆ ತಿರುಗಿದಳು. “ಹಚ್ಚಿ ನಿಂದೇ ಅದ. ಎಡಗೈಲಿ ಯಾಕ ಚೆಲ್ಲಾಕತ್ತಿ?”

ನಗು ನಿಂತಿತು. ಎಡಗೈಯಿಂದ ಯಾರಿಗಾದರೂ ಒಂದು ತುತ್ತು ನೀಡುತ್ತೇವೆಯೇ? ಹೊಲಕ್ಕೆ ನೀಡುತ್ತೇವೆಯೇ? ದೊಡ್ಡವ್ವ ತನ್ನ ಬಲಗೈ ಎತ್ತಿ ಹಚ್ಚೆ ನೋಡಿಕೊಂಡಳು, ಮತ್ತೆ ಟಿವಿ ನೋಡಿದಳು. ಕಂಪ್ಯೂಟರಿನಲ್ಲಿ ತಿರುವಿದ್ದು, ನಿಜವಾಗಿ ಬಲಗೈಯೇ ಅಂತ ನಾನು ತೊದಲಿದೆ. ಒಬ್ಬೊಬ್ಬರಾಗಿ ಸೆಟೆದುಕೊಂಡು ಎದ್ದು ಹೋದರು. ಚಹಾದ ಕಪ್ಪುಗಳು ಚಾಪೆಯ ಮೇಲೆ ಹಾಗೇ ಉಳಿದವು.

“ನನ್ನ ಮಾರಿ ಎಲ್ಲಿ ಬೇ?” ಎಂದಳು ದೊಡ್ಡವ್ವ.

“ನೋಡಿದೋರು ಬ್ಯಾಡ ಅಂದ್ರು ದೊಡ್ಡವ್ವ.”

“ಹಾಡ ಬ್ಯಾಡಂದ್ರೋ, ಮಾರಿ ಬ್ಯಾಡಂದ್ರೋ?”

ಸುಳ್ಳು ಹೇಳಬಹುದಿತ್ತು. “ಎರಡೂ,” ಅಂದುಬಿಟ್ಟೆ.

“ನೀನೂ ನೋಡೀದಿ ಅಲ್ಲೇನು? ನೀ ಏನಂದಿ?”

ಇಷ್ಟು ದಿನದಲ್ಲಿ ನನ್ನನ್ನು ಆ ಮಾತು ಕೇಳಿದವಳು ಅವಳೊಬ್ಬಳೇ. ನಾಳೆಯೇ ಮೊದಲಿನ ಹಾಗೆ ಮಾಡುತ್ತೇನೆ, ಇನ್ನೊಂದು ಸಲ ಹಾಡು ಅಂತ ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು.

“ಅಮಾಸಿ ಮುಗದದ. ನಿನ್ನ ಕಾಲೇಜಿನ ಸಲುವಾಗಿ ಹೊಲಕ್ಕ ಎರಡೆರಡ ಸಲ ಉಣಸಲೇನು? ಬರೋ ವರ್ಷ ಬಾ.”

ವಿಡಿಯೋ ಒಪ್ಪಿಸಲು ನಾಲ್ಕು ದಿನ ಉಳಿದಿತ್ತು. ಕೈಯನ್ನು ಮತ್ತೆ ಬಲಕ್ಕೆ ತಿರುಗಿಸಿದೆವು, ಅಷ್ಟೇ. ವಿಡಿಯೋದ ಜೊತೆ ತುಂಬಿ ಕೊಡಬೇಕಾದ ಫಾರ್ಮಿನಲ್ಲಿ ‘ಪ್ರೇಕ್ಷಕರ ಅಭಿಪ್ರಾಯದಂತೆ ಮಾಡಿದ ಸುಧಾರಣೆಗಳು’ ಎಂಬ ಜಾಗವಿತ್ತು. ಸಾಲುಸಾಲಾಗಿ ತುಂಬಿದೆ. ಎಲ್ಲರಿಗಿಂತ ಹೆಚ್ಚು ಅಂಕ ನಮಗೇ ಬಂದವು. ನೋಡುವವರ ಮಾತಿಗೆ ಹೇಗೆ ಬೆಲೆ ಕೊಡಬೇಕು ಅನ್ನುವುದನ್ನು ಇವರನ್ನು ನೋಡಿ ಕಲಿಯಿರಿ ಎಂದು ಸರ್ ವೇದಿಕೆಯ ಮೇಲೆ ಹೇಳಿದಾಗ ಕಿವಿ ಕಾದುಹೋದವು. ಯಾವ ಸುಧಾರಣೆ ಸರ್, ಹಾಡಿದವಳನ್ನೇ ಹೊರಗೆ ಹಾಕಿದ್ದೇವೆ ಅನ್ನಲು ಬಾಯಿ ತೆರೆಯಲಿಲ್ಲ. ಪ್ರಮಾಣಪತ್ರ ತೆಗೆದುಕೊಂಡೆ, ಫೋಟೋಕ್ಕೆ ನಿಂತೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ನೋಡಿದಾಗಲೆಲ್ಲ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ.

ಒಂದು ವರ್ಷ ದಿನ ಎಣಿಸಿದೆ. ಅಮಾವಾಸ್ಯೆಗೆ ಎರಡು ದಿನ ಮೊದಲೇ ಕೊಳಕೂರಿಗೆ ಹೋಗಿ ಕೂತೆ. ಫೋನು ಖಾಲಿ ಮಾಡಿಕೊಂಡಿದ್ದೆ. ಈ ಸಲ ಒಂದು ಕ್ಷಣವೂ ಕತ್ತರಿಸುವುದಿಲ್ಲ, ಮೊದಲು ಅವಳಿಗೆ ತೋರಿಸುತ್ತೇನೆ, ಅವಳು ಹೂಂ ಅಂದರೆ ಮಾತ್ರ ಉಳಿದವರಿಗೆ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದೆ. ದೊಡ್ಡವ್ವ ಎಂದಿನಂತೆ ಮಾತಾಡಿಸಿದಳು, ಕಡುಬು ಕಟ್ಟಲು ಜೊತೆಗೆ ಕೂರಿಸಿಕೊಂಡಳು. ನನ್ನ ಎದೆಯ ಭಾರ ಇಳಿದಿತ್ತು.

ಹೊಲದಲ್ಲಿ ಅವಳು ಕಲಸಿದ ಎಡೆ ಎತ್ತಿಕೊಂಡಳು, ದೊಡ್ಡಪ್ಪ ತಂಬಿಗೆ ಹಿಡಿದ. ನಾನು ಎದುರಿಗೆ ನಿಂತು ಫೋನು ಎತ್ತಿದೆ. ಅದನ್ನು ಕಂಡದ್ದೇ ಅವಳು ತಲೆಯ ಮೇಲಿನ ಸೆರಗನ್ನು ಎಳೆದು ಗಲ್ಲದವರೆಗೆ ಮುಚ್ಚಿಕೊಂಡಳು.

“ಸೆರಗ ತೆಗಿ ದೊಡ್ಡವ್ವ, ಮಾರಿ ಕಾಣವಲ್ದು.”

“ಮಾರಿ ಬ್ಯಾಡಂದಾರಲ್ಲ ಮಂದಿ,” ಎಂದಳು. “ದನಿ ಅಷ್ಟ ತಗೋ.”

ಅವಳು ನನ್ನನ್ನು ಚುಚ್ಚಲು ಹೇಳಿರಲಿಲ್ಲ. ಸಕ್ಕರೆ ಬೇಡ ಅಂದವರ ಚಹಾಕ್ಕೆ ಸಕ್ಕರೆ ಹಾಕದಷ್ಟು ಸಹಜವಾಗಿ ಹೇಳಿದ್ದಳು. ವರ್ಷವಿಡೀ ನುಂಗಿದ್ದೆಲ್ಲ ಆಗ ನನ್ನ ಬಾಯಿಗೆ ಬಂತು. “ಆ ಮಂದಿ ಹಾಳಾಗಿ ಹೋಗ್ಲಿ! ಅವರಿಗೇನ್ ಗೊತ್ತದ? ನಾ ಹೇಳಾಕತ್ತೇನಿ, ನನಗ ಬೇಕು ನಿನ್ನ ಮಾರಿ,” ಎಂದು ಇಡೀ ಹೊಲಕ್ಕೆ ಕೇಳುವಂತೆ ಚೀರಿದೆ. ದೊಡ್ಡಪ್ಪ ಗಾಬರಿಯಾಗಿ ನಿಂತುಬಿಟ್ಟ.

“ಹೊಲದಾಗ ಬಾಯಿ ಮಾಡಬ್ಯಾಡ,” ಎಂದಳು ದೊಡ್ಡವ್ವ. ಸೆರಗನ್ನು ಇನ್ನೂ ಒಂದು ಬೆರಳು ಕೆಳಗೆ ಎಳೆದುಕೊಂಡು, ಹಾಡು ಎತ್ತಿಕೊಂಡು, ಮೊದಲ ಮೂಲೆಯ ಕಡೆ ನಡೆದಳು.