ಕೈಯಲ್ಲಿ ಒಂದು

ತೊಂಬತ್ತೆಂಟರ ಸುಮಾರು. ಗಂಡಸಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ಅರಸೀಕೆರೆಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವಾಗಲೂ ಆ ಮಾರ್ಚಿನಲ್ಲಿ ನನ್ನ ತಲೆ ತುಂಬ ಒಬ್ಬಳೇ ಹುಡುಗಿ. ಮಗ್ಗಿ ಗಡಗಡ ಹೇಳುತ್ತಿದ್ದಳು, ಓದುವುದರಲ್ಲೂ ಚುರುಕು. ಆದರೆ ದಶಕ ಸೇರಿಸಿ ಕೂಡುವ ಲೆಕ್ಕ ಕೊಟ್ಟರೆ ಉತ್ತರದಲ್ಲಿ ಸದಾ ಹತ್ತು ಕಡಿಮೆ.

ಹೆಡ್‌ಮಾಸ್ಟರು ವರ್ಷದ ಕೊನೆಯಲ್ಲಿ ಪ್ರತಿ ಮಗುವನ್ನೂ ತಾವೇ ಬೋರ್ಡಿಗೆ ಕರೆದು ನೋಡುತ್ತಿದ್ದರು. "ಈ ಲೆಕ್ಕ ಬರದಿದ್ರೆ ಇನ್ನೊಂದು ವರ್ಷ ಇಲ್ಲೇ ಕೂರ್ಲಿ ಬಿಡಿ ಮೇಡಂ" ಎಂದು ಆ ಸಲ ಮೊದಲೇ ಅವಳೆದುರಿಗೇ ಹೇಳಿಬಿಟ್ಟರು. ಅವರಿಗೇನು, ಹೇಳಿ ಹೋದರು. ಮುಂದಿನ ವರ್ಷ ಎರಡನೇ ತರಗತಿಗೆ ಬರುವವನು ಅವಳ ಸ್ವಂತ ತಮ್ಮ.

"ತಮ್ಮನ್ ಪಕ್ಕ ಕೂರಾಕಿಲ್ಲ ಮಿಸ್. ಇಸ್ಕೂಲ್ಗೇ ಬರಾಕಿಲ್ಲ" ಎಂದಳು. ಮಹಾ ಹಠಮಾರಿ, ಅಂದದ್ದನ್ನು ಮಾಡಿಯೇ ತೀರುವವಳು.

ಹೆಡ್‌ಮಾಸ್ಟರು ಬೋರ್ಡಿಗೆ ಕರೆಯುವ ಹಿಂದಿನ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಮೂವತ್ತೆಂಟು, ಅದರ ಕೆಳಗೆ ಇಪ್ಪತ್ತೇಳು ಬರೆದೆ. ಎಂಟೂ ಏಳೂ ಹದಿನೈದು, ಐದು ಬರೆದು ಕೈಯಲ್ಲಿ ಒಂದು. ನಮಗೆಲ್ಲ ಹೇಳಿಕೊಟ್ಟಂತೆಯೇ ನಾನೂ ಹೇಳಿಕೊಟ್ಟಿದ್ದೆ. ಅವಳು ಮೂರಕ್ಕೆ ಎರಡು ಸೇರಿಸಿ ಐವತ್ತೈದು ಎಂದಳು.

"ಕೈಯಲ್ಲಿದ್ದ ಒಂದು ಎಲ್ಲಿ ಹೋಯ್ತೇ?" ರೇಗಿಬಿಟ್ಟೆ.

ಬಿಗಿಯಾಗಿ ಮುಚ್ಚಿದ ಎಡಗೈ ಮುಷ್ಟಿಯನ್ನು ಮುಂದೆ ಚಾಚಿದಳು. "ಇಲ್ಲೇ ಐತೆ ಮಿಸ್. ಯಾರ್ಗೂ ಕೊಟ್ಟಿಲ್ಲ."

ಯಾಕೆ ಹಾಗೆ ಹಿಡಿದುಕೊಂಡಿದ್ದೀಯ ಎಂದು ಕೇಳಿದೆ. ಹೊಲಕ್ಕೆ ಹೋಗುವಾಗ ಅವಳಮ್ಮ ಮನೆಯ ಬೀಗದ ಕೈ ಕೊಟ್ಟು, ಕೈಲೇ ಇಟ್ಕೋ, ಯಾರು ಕೇಳಿದರೂ ಕೊಡಬೇಡ ಎನ್ನುತ್ತಿದ್ದಳಂತೆ. ಕೈಯಲ್ಲಿ ಇಟ್ಟುಕೋ ಎಂದರೆ ಕಾಪಾಡು ಎಂದೇ ಆ ಮಗುವಿಗೆ ಅರ್ಥ. ವರ್ಷವಿಡೀ ನನ್ನ ಹತ್ತುಗಳನ್ನೆಲ್ಲ ಹಾಗೆ ಜೋಪಾನ ಮಾಡಿದ್ದಳು!

ತೆಂಗಿನ ಗರಿಯ ಕಡ್ಡಿ ತಂದು, ಹತ್ತನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ ತೋರಿಸಿದೆ. "ಇದು ಬಿಡಿ ಕಡ್ಡಿಗಳ ಜೊತೆ ಇರೋ ಹಾಗಿಲ್ಲ. ಹತ್ತರ ಮನೆಗೆ ಕೊಟ್ಬಿಡ್ಬೇಕು, ತಿಳೀತಾ?" ತಲೆಯಾಡಿಸಿದಳು. ತಿಳಿಯಿತೋ, ನನ್ನ ಮುಖ ನೋಡಿ ಹೆದರಿದಳೋ, ದೇವರಿಗೇ ಗೊತ್ತು.

ಮರುದಿನ ಹೆಡ್‌ಮಾಸ್ಟರು ನಲವತ್ತಾರಕ್ಕೆ ಇಪ್ಪತ್ತೊಂಬತ್ತು ಕೊಟ್ಟರು. ಆರೂ ಒಂಬತ್ತೂ ಹದಿನೈದು ಎಂದು ಅವಳು ಹೇಳಿದ್ದೇ ತಡ, "ಐದು ಬರಿ, ಒಂದು ಕೈಲಿಟ್ಕೋ" ಎಂದರು. ಹುಡುಗಿಯ ಎಡಗೈ ತಾನಾಗಿಯೇ ಮುಚ್ಚಿಕೊಂಡಿತು. ಬಾಯಿ ಬಿಡುವಂತಿಲ್ಲ; ಸೆರಗಿನ ತುದಿ ಹಿಂಡುತ್ತ ನಿಂತೆ. ನಾಲ್ಕೂ ಎರಡೂ ಆರು ಎಂದು ಬರೆಯಲು ಹೋದವಳು ತಡೆದು ನಿಂತು, ಮುಷ್ಟಿಯನ್ನು ನೋಡಿಕೊಂಡಳು. ಆಮೇಲೆ ಕೈಯೆತ್ತಿ ನಾಲ್ಕರ ಮೇಲೆ ಅಂಗೈ ಬಿಚ್ಚಿ, ಅಲ್ಲಿ ಪುಟ್ಟದಾಗಿ ಒಂದು ಎಂದು ಬರೆದಳು. ಎಪ್ಪತ್ತೈದು.

"ಸರಿ, ಮೂರನೇ ಕ್ಲಾಸಿಗೆ ಹಾಕಿ" ಎಂದು ಹೆಡ್‌ಮಾಸ್ಟರು ಮುಂದಿನ ಮಗುವನ್ನು ಕರೆದರು. ಅವರಿಗೆ ಏನೂ ಗೊತ್ತಾಗಲಿಲ್ಲ.

ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: "ಮಿಸ್, ಇನ್ನು ನಾನು ಇಸ್ಕೂಲ್ಗೆ ಬರ್ಬೌದಾ?"