ಶಾರ್ಡನೆಗೆ ಸಿಕ್ಕ ಒಂದೇ ಗಿರಾಕಿ

ತೊಂಬತ್ತರ ದಶಕದಲ್ಲಿ ವೈನ್ ಕಂಪನಿಯೊಂದು ನನ್ನನ್ನು ಶಿಕಾರಿಪುರದ ಕಡೆ ಅಟ್ಟಿತ್ತು. ಶಾರ್ಡನೆ ಅನ್ನೋ ದ್ರಾಕ್ಷಿ ಬೆಳೆಯಲು ಒಬ್ಬ ರೈತನನ್ನಾದರೂ ಒಪ್ಪಿಸದೆ ವಾಪಸ್ ಬರಬೇಡ ಎಂದಿದ್ದರು. ಹಸಿರು ಬಣ್ಣದ ಸಣ್ಣ ಹಣ್ಣು, ಒಳಗೆ ಬೀಜ. ಆದರೆ ಬಿಳಿ ವೈನಿಗೆ ಜಗತ್ತೆಲ್ಲ ಹೆಸರಾದ ತಳಿ.

ಶಿರಾಳಕೊಪ್ಪದ ಹತ್ತಿರ ರುದ್ರಪ್ಪ ಎಂಬ ರೈತರ ಮನೆಗೆ ಹೋದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನೋಡಿದ ಮೇಲೆ ವೈನ್ ಎನ್ನಲು ನಾಲಿಗೆಯೇ ಏಳಲಿಲ್ಲ. "ದ್ರಾಕ್ಷಿ ರಸ ರೀ" ಎಂದು ಮಾದರಿ ಬಾಟಲಿ ಕೈಗಿಟ್ಟೆ.

"ಏ ಇವಳೇ, ದೇವರ ಮುಂದೆ ಇಡು. ಮನೆಗೆ ಹೊಸಾದು ಏನೇ ಬಂದ್ರೂ ಮೊದಲು ಎಡೆ" ಎಂದು ಅವರು ಬಾಟಲಿಯನ್ನು ಹೆಂಡತಿ ಗೌರಮ್ಮನಿಗೆ ದಾಟಿಸಿಯೇಬಿಟ್ಟರು. ನಾನು ಅವರ ಹಿಂದೆಯೇ ಓಡಿದೆ.

"ಬ್ಯಾಡ್ರಿ ಅಮ್ಮಾ! ಅದು ಹಳೇದು. ಮೂರು ವರ್ಷದ್ದು."

ಗೌರಮ್ಮ ಅಲ್ಲೇ ನಿಂತರು. "ಮೂರು ವರ್ಷದ್ದಾ? ಮೊನ್ನೆ ಮಜ್ಜಿಗೇನೇ ನಾವು ಮನುಷ್ಯರಿಗೆ ಕೊಡಲ್ಲ ಕಣ್ರೀ, ಎಮ್ಮೆಗೆ ಹಾಕ್ತೀವಿ."

"ಹಳೇದಾದಷ್ಟೂ ಬೆಲೆ ಜಾಸ್ತಿ ರೀ" ಎಂದು ಕಂಪನಿ ಕಲಿಸಿದ್ದ ಪಾಠ ಒಪ್ಪಿಸಿದೆ.

"ಪಾಪ, ಯಾರೋ ನಿಮಗೆ ಮೋಸ ಮಾಡ್ಯಾರೆ" ಎಂದು ರುದ್ರಪ್ಪ ನನ್ನನ್ನೇ ಸಮಾಧಾನ ಮಾಡಿದರು.

ಗೌರಮ್ಮ ಬಿರಡೆ ಕಿತ್ತು, ಹಿತ್ತಲಲ್ಲಿ ಎಮ್ಮೆಯ ಕಲಗಚ್ಚಿನ ಬಾನಿಗೆ ಅಷ್ಟನ್ನೂ ಸುರಿದರು. ಎಮ್ಮೆ ಬಾನಿಯ ತಳದವರೆಗೆ ನೆಕ್ಕಿ, ಇನ್ನೂ ಇದೆಯಾ ಎಂಬಂತೆ ನನ್ನ ಚೀಲವನ್ನೇ ನೋಡಿತು.

ಇಡೀ ತಾಲ್ಲೂಕಿನಲ್ಲಿ ಶಾರ್ಡನೆಯನ್ನು ಮನಸಾರೆ ಮೆಚ್ಚಿದ್ದು ಅದೊಂದೇ. ಏನು ಮಾಡೋದು, ಪಹಣಿಯಲ್ಲಿ ಅದರ ಹೆಸರಿರಲಿಲ್ಲ.