ಮೂರು ಸಲ ಟಗರು ಕೇಳಿದ ಗಿರಾಕಿ

ಸೊಲ್ಲಾಪುರದ ಒಂದು ಸಣ್ಣ ಕಂಪನಿಯವರು ನನಗೆ ಕೆಲಸ ಕೊಡಲು ಒಂದೇ ಷರತ್ತು ಹಾಕಿದ್ದರು. ಸೋಮವಾರದೊಳಗೆ ನಾನು ಮಾಡಿದ ಒಂದು ಆ್ಯಪ್ ಐಫೋನಿನ ಆ್ಯಪ್ ಸ್ಟೋರಿನಲ್ಲಿ ಕಾಣಬೇಕು. ಆ್ಯಪ್ ನನ್ನ ಬಳಿ ಇತ್ತು. ಕುರಿ ಮಾರುವವರು ಫೋಟೊ ಹಾಕುವುದು, ಕೊಳ್ಳುವವರು ಬುಕ್ ಮಾಡುವುದು, ಮಾರುವವರು ಹೂಂ ಅಥವಾ ಇಲ್ಲ ಎಂದು ಒತ್ತುವುದು, ಅಷ್ಟೇ. ಇಲ್ಲದ್ದು ಮ್ಯಾಕ್ ಕಂಪ್ಯೂಟರ್. ಅದಿಲ್ಲದೆ ಐಫೋನಿನ ಆ್ಯಪ್ ಸಿದ್ಧವಾಗುವುದಿಲ್ಲ. ನನ್ನದು ಕಾಲೇಜು ದಿನಗಳ ಲ್ಯಾಪ್‌ಟಾಪ್, ಕೀಲು ಸಡಿಲಾಗಿ ಗೋಡೆಗೆ ಒರಗಿಸಿದರೆ ಮಾತ್ರ ಪರದೆ ನಿಲ್ಲುತ್ತಿತ್ತು. ಕೊನೆಗೆ ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಮ್ಯಾಕ್ ಒಂದನ್ನು ಹಿಡಿದೆ. ಅದು ಯಾವ ದೇಶದಲ್ಲಿತ್ತೋ ತಿಳಿಯದು. ನಾನು ಇಲ್ಲಿಂದ ಕೋಡ್ ಕಳಿಸಿದರೆ ಅದು ಅಲ್ಲಿ ಆ್ಯಪ್ ಕಟ್ಟಿ ಸ್ಟೋರಿಗೆ ಒಪ್ಪಿಸುತ್ತಿತ್ತು.

ಆ್ಯಪನ್ನು ಸೇರಿಸುವ ಮೊದಲು ಸ್ಟೋರಿನ ತಪಾಸಣೆಗಾರರು ಕೊಳ್ಳುವವರಂತೆ ಬಳಸಿ ನೋಡಲು ಒಂದು ಖಾತೆ ಬೇಕು. ಅದನ್ನೂ ನಾನೇ ತೆರೆದುಕೊಟ್ಟೆ. ಮಾರುವವನಾಗಿ ನಾಗಣಸೂರಿನ ನನ್ನ ಮಾಮಾನನ್ನು ಸೇರಿಸಿದೆ. ಅವನ ಹಿಂಡಿನ ಐದು ಫೋಟೊ ಹಾಕಿದೆ. ಎಲ್ಲಕ್ಕಿಂತ ಚೆಂದದ ಟಗರನ್ನು ಮೊದಲಿಗಿಟ್ಟೆ.

ಬುಧವಾರ ಆ್ಯಪ್ ತಿರಸ್ಕೃತವಾಯಿತು. ಬುಕ್ ಮಾಡಿದರೆ ‘ಇಲ್ಲ’ ಎಂದೇ ಬರುತ್ತದೆ, ಸೌಲಭ್ಯ ಕೆಲಸ ಮಾಡುತ್ತಿಲ್ಲ ಎಂದು ಬರೆದಿದ್ದರು. ಗುರುವಾರ ರಾತ್ರಿಯವರೆಗೆ ಕೋಡನ್ನು ಸಾಲುಸಾಲಾಗಿ ಓದಿದೆ. ತಪ್ಪು ಸಿಗಲಿಲ್ಲ. ಸಿಗದಿದ್ದರೂ ಎರಡು ಕಡೆ ತಿದ್ದಿ ಮತ್ತೆ ಕಳಿಸಿದೆ. ಶುಕ್ರವಾರ ಮತ್ತೆ ಅದೇ ಉತ್ತರ. ಮಧ್ಯಾಹ್ನ ಮಾಮಾನ ಫೋನ್ ಬಂತು.

“ಯವ್ವಾ, ನಿನ್ನ ಆ್ಯಪ್‌ದಾಗ ಯಾವನೋ ಗಿರಾಕಿ ಬಂದಾನ. ಭಾಳ ಹಟಮಾರಿ ಅದಾನ. ಮೂರು ಸಲ ಬಿರೋಬಾ ದೇವರ ಟಗರ ಕೇಳ್ಯಾನ. ನಾನೂ ಮೂರು ಸಲ ಇಲ್ಲ ಅಂತ ಒತ್ತೀನಿ.”

ಆ್ಯಪ್ ತೆರೆದು ನೋಡಿದೆ, ಮೂರೂ ಬುಕಿಂಗ್ ತಪಾಸಣೆಗಾರರ ಖಾತೆಯಿಂದಲೇ ಬಂದಿದ್ದವು.

“ಅಂವ ಗಿರಾಕಿ ಅಲ್ಲ ಮಾಮಾ, ತಪಾಸಣಿ ಮಾಡಾಂವ. ಸುಮ್ನ ಹೂಂ ಅಂತ ಒತ್ತು.”

“ಸುಮ್ನ ಹ್ಯಾಂಗ ಒತ್ತಲಿ? ದೇವರಿಗೆ ಬಿಟ್ಟದ್ದನ್ನ ಮಾರ್ತೀನಿ ಅನ್ನಲೇನು? ಹಣಿಮ್ಯಾಲ ಭಂಡಾರ ಹಚ್ಚಿದ್ದು ಕಾಣಸಂಗಿಲ್ಲೇನ ಅವಂಗ?”

“ಅವನ ಊರಾಗ ಭಂಡಾರ ಇಲ್ಲ ಮಾಮಾ.”

“ನಿಮ್ಮ ಊರಾಗ ಅದ ಅಲ್ಲ? ನೀ ಯಾಕ ಫೋಟೊ ಹಾಕಿದಿ?”

ಫೋಟೊದಲ್ಲಿ ಹಣೆಗೆ ಬಳಿದ ಭಂಡಾರದ ಅರಿಶಿನ ಸ್ಪಷ್ಟವಾಗಿತ್ತು. ಬಣ್ಣ ಚೆನ್ನಾಗಿ ಬಂದಿದೆಯೆಂದೇ ಆರಿಸಿದ್ದೆ.

ಟಗರನ್ನು ತೆಗೆದು ಕುಂಟುವ ಕುರಿಯೊಂದನ್ನು ಮೊದಲಿಗಿಟ್ಟೆ. “ಇದನ್ನ ಬೇಕಾದ್ರ ಒಯ್ಯಲಿ,” ಎಂದ ಮಾಮಾ. ಆ್ಯಪನ್ನು ಮತ್ತೆ ಕಳಿಸಿದೆ. ತಪಾಸಣೆಗಾರರು ಈ ಸಲ ಆ ಕುರಿಯನ್ನೇ ಬುಕ್ ಮಾಡಿದರು, ಮಾಮಾ ಹೂಂ ಎಂದು ಒತ್ತಿದ. ಭಾನುವಾರ ಆ್ಯಪ್ ಸ್ಟೋರಿನಲ್ಲಿ ಕಾಣಿಸಿತು.

ಸೋಮವಾರ ಕಂಪನಿಯ ಹೊರಗಿನ ಕುರ್ಚಿಯಲ್ಲಿ ಕೂತಿದ್ದಾಗ ಮಾಮಾ ಮತ್ತೆ ಫೋನ್ ಮಾಡಿದ.

“ವಾಗದರಿಯಿಂದ ಒಬ್ಬ ಬಂದು ಕುಂಟ ಕುರಿ ಬೇಕಂದ. ಮಾತು ಕೊಟ್ಟೀನಿ, ಆಗಂಗಿಲ್ಲ ಅಂದೀನಿ. ನಿನ್ನ ಗಿರಾಕಿ ಯಾವಾಗ ಬರ್ತಾನ?”

“ಅಂವ ಬರಂಗಿಲ್ಲ ಮಾಮಾ. ನೀ ವಾಗದರಿಯವಂಗ ಮಾರಿಬಿಡು.”

“ಅಂವ ಬರಂಗಿಲ್ಲಂತ ಅಂವ ಹೇಳಬೇಕು. ನೀ ಹೇಳಿದ್ರ ಹ್ಯಾಂಗ?”

ವಾಗದರಿಯವನು ಇನ್ನೂ ಅಂಗಳದಲ್ಲೇ ನಿಂತಿದ್ದನಂತೆ. ಒಳಗಿನಿಂದ ನನ್ನನ್ನು ಕರೆಯುವುದರಲ್ಲಿದ್ದರು. ಆಗ ನೆನಪಾಯಿತು, ತಪಾಸಣೆಗಾರರ ಖಾತೆಯ ಪಾಸ್‌ವರ್ಡ್ ನನ್ನದೇ. ಫೋನಿನಲ್ಲೇ ಆ ಖಾತೆಯೊಳಗೆ ಹೊಕ್ಕು ಬುಕಿಂಗ್ ರದ್ದು ಮಾಡಿದೆ. ಆ ಕಡೆ ಮಾಮಾನ ಫೋನು ಟಿಂಗ್ ಎಂದದ್ದು ನನಗೂ ಕೇಳಿಸಿತು.

“ಬ್ಯಾಡ ಅಂದಾನ ನೋಡು,” ಎಂದ ಮಾಮಾ. ಆಮೇಲೆ ದನಿ ತಗ್ಗಿಸಿ, “ಪಾಪ, ಮನ್ಯಾಗ ಏನೋ ಅಡಚಣಿ ಬಂದಿರಬೇಕು.”

ಒಳಗೆ ಕೇಳಿದ ಮೊದಲ ಪ್ರಶ್ನೆ, ಇದನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು. ಒಬ್ಬರಿದ್ದಾರೆ, ಬಹಳ ಮನಸ್ಸಿಟ್ಟು ಬಳಸುತ್ತಾರೆ, ಎಂದೆ. ಮರುದಿನದಿಂದ ಕೆಲಸಕ್ಕೆ ಬರಲು ಹೇಳಿದರು.